ಗೋಡೆ ದಾಟುವ ಎಲೆಕ್ಟ್ರಾನು, ಚುರುಕಾಗುವ ಹಳೆಯ ಕಂಪ್ಯೂಟರು

“ಹತ್ತು ವರ್ಷಕ್ಕೂ ಹಳೆಯ ಕಂಪ್ಯೂಟರು. ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ತೆರೆದುಕೊಳ್ಳುತ್ತಲೇ ಇರುತ್ತದೆ. ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ಬರೆದು ಬರೆದು ಸವೆದುಹೋಗುತ್ತದಂತೆ, ಎರಡು ವರ್ಷವೂ ಬಾಳುವುದಿಲ್ಲವಂತೆ. ಹಾಕಿಸುವುದೋ ಬೇಡವೋ?” ಮಾಗಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರ ಪ್ರಶ್ನೆ ಇದು. ಉತ್ತರ ಸುಲಭ: ಕಣ್ಣು ಮುಚ್ಚಿ ಹಾಕಿಸಬಹುದು. ಸವೆಯುವುದಂತೂ ನಿಜ. ಆದರೆ ಆ ಸವೆತದ ಹಿಂದೆ ಇರುವ ಕಾರಣವೇ ಇಡೀ ಯಂತ್ರದ ಅತಿ ಸೊಗಸಾದ ಭಾಗ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನ ತಾಲ್ಲೂಕು ಕಚೇರಿಯ ಆಸುಪಾಸಿಗೆ ಹೋದರೂ ಇಂಥ ಅಂಗಡಿಗಳು ಕಾಣುತ್ತವೆ. ಪಹಣಿ ಪ್ರಿಂಟು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಬಾಡಿಗೆ ಕರಾರು, ಮದುವೆಯ ಕರೆಯೋಲೆ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುತ್ತವೆ. ಆ ಯಂತ್ರ ಸಾಮಾನ್ಯವಾಗಿ 2011ರಿಂದ 2014ರ ನಡುವೆ ಅಸೆಂಬಲ್ ಮಾಡಿಸಿದ್ದು: ಕೋರ್ ಐ3 ಪ್ರೊಸೆಸರು, 4 ಜಿಬಿ ರ್ಯಾಮು, 500 ಜಿಬಿ ಹಾರ್ಡ್‌ಡಿಸ್ಕು. ಅದರಲ್ಲಿ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇದೆ, ಪೇಜ್‌ಮೇಕರ್ ಇದೆ, ವರ್ಷಗಟ್ಟಲೆ ಮಾಡಿಟ್ಟ ಮಾದರಿಗಳಿವೆ. ಹೊಸ ಕಂಪ್ಯೂಟರಿಗೆ ಹೋಗಲು ಹಣ ಒಂದೇ ಅಡ್ಡಿಯಲ್ಲ. ಕೈಗೆ ಒಗ್ಗಿದ ಆ ಏರ್ಪಾಡು ಕೆಟ್ಟೀತೆಂಬ ಅಂಜಿಕೆಯೂ ಇದೆ.

ಇಂಥ ಕಂಪ್ಯೂಟರಿನ ಪಕ್ಕ ಐದು ನಿಮಿಷ ಕೂತರೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಡಬ್ಬದ ಮುಂಭಾಗದಲ್ಲಿ ಡಿಸ್ಕಿನ ಪುಟ್ಟ ದೀಪ ಆರುವುದೇ ಇಲ್ಲ. ಒಳಗಿನಿಂದ ಕರಕರ ಸದ್ದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರು ನೂರಕ್ಕೆ ಹತ್ತರಷ್ಟು ದುಡಿಯುತ್ತಿದ್ದರೆ ಡಿಸ್ಕು ನೂರಕ್ಕೆ ನೂರು. ಅಂದರೆ ಪ್ರೊಸೆಸರಿಗೆ ವಯಸ್ಸಾಗಿಲ್ಲ, ಕಡತ ಬರಲೆಂದು ಕಾಯುತ್ತಾ ಅದು ಸುಮ್ಮನೆ ಕೂತಿದೆ.

ಹಾರ್ಡ್‌ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಅಗಲದ ಆ ತಟ್ಟೆಯ ಅಂಚಿನ ವೇಗ ಗಂಟೆಗೆ 129 ಕಿಲೋಮೀಟರ್. ರಾಮನಗರದ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗಿರುವ ಮಿತಿಯೇ 100. ಇಷ್ಟು ವೇಗವಿದ್ದೂ ಸಾಲದು. ಬೇಕಾದ ಜಾಗಕ್ಕೆ ಓದುವ ತೋಳು ಸರಿಯಲು 8–9 ಮಿಲಿಸೆಕೆಂಡು, ಬೇಕಾದ ಅಕ್ಷರ ತಿರುಗಿ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು. ಹೀಗಾಗಿ ಚದುರಿದ ಜಾಗಗಳಿಂದ ಓದಬೇಕಾದಾಗ ಸೆಕೆಂಡಿಗೆ ಎಂಬತ್ತು ಓದು ಆದರೆ ಹೆಚ್ಚು. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಚಿಲ್ಲರೆ ಓದುಗಳೇ. ಹತ್ತು ಸಾವಿರ ಓದು ಎಂದಿಟ್ಟುಕೊಂಡರೂ ಎರಡು ನಿಮಿಷಕ್ಕೆ ಮೇಲಾಯಿತು. ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಅದೇ ಹತ್ತು ಸಾವಿರ ಓದು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಈ ಕಾಯುವಿಕೆಯಿಂದ ಹುಟ್ಟಿದ ಮೂಢನಂಬಿಕೆಯೊಂದು ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಂಪ್ಯೂಟರ್ ಆನ್ ಆದ ಕೂಡಲೇ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ರಿಫ್ರೆಶ್, ಮತ್ತೆ ರಿಫ್ರೆಶ್. ಇಲ್ಲವೇ ಎಫ್5 ಕೀಲಿಯನ್ನು ಪಟಪಟನೆ ಒತ್ತುವುದು. ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲೂ ಇದನ್ನು ಮೊದಲ ಪಾಠದ ಹಾಗೆ ಹೇಳಿಕೊಡುತ್ತಾರೆ. ಇದರಿಂದ ಕಂಪ್ಯೂಟರ್ ಕೂದಲೆಳೆಯಷ್ಟೂ ಚುರುಕಾಗುವುದಿಲ್ಲ. ರಿಫ್ರೆಶ್ ಮಾಡುವುದು ಒಂದೇ ಕೆಲಸ, ಪರದೆಯ ಮೇಲಿನ ಚಿಹ್ನೆಗಳನ್ನು ಇನ್ನೊಮ್ಮೆ ಬಿಡಿಸುವುದು. ರ್ಯಾಮು ಖಾಲಿಯಾಗುವುದಿಲ್ಲ, ಪ್ರೊಸೆಸರಿಗೆ ದಣಿವಾರುವುದಿಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಡಿಸ್ಕಿಗೆ ಇನ್ನಷ್ಟು ಕೆಲಸ ಹೇರಿದಂತಾಗುತ್ತದೆ, ಅಷ್ಟೇ. ಕಲಿಸುವವರೇ ಇದನ್ನು ಬಿಡಬೇಕು. ತಪ್ಪು ಪಾಠ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸುಮ್ಮನೆ ದಾಟುತ್ತಾ ಬಂದಿದೆ.

ಇನ್ನು ಎಸ್‌ಎಸ್‌ಡಿ. ಎರಡೂವರೆ ಇಂಚಿನ ಅಗ್ಗದ ಎಸ್‌ಎಸ್‌ಡಿಯೊಂದನ್ನು ಬಿಚ್ಚಿ ನೋಡಿದವರಿಗೆ ಮೊದಲು ಆಗುವುದು ಆಶ್ಚರ್ಯ. ಒಳಗೆ ಬಹುಪಾಲು ಬರೀ ಖಾಲಿ ಜಾಗ. ಒಂದು ಬದಿಯಲ್ಲಿ ಬೆರಳುದ್ದದ ಹಸಿರು ಪಟ್ಟಿ, ಅದರ ಮೇಲೆ ಮೂರೋ ನಾಲ್ಕೋ ಕರಿ ಚಿಪ್ಪು. ತಿರುಗುವುದಿಲ್ಲ, ಸರಿಯುವುದಿಲ್ಲ, ಸದ್ದಿಲ್ಲ. 256 ಜಿಬಿಯ ಡ್ರೈವಾದರೆ ಆ ಚಿಪ್ಪುಗಳಲ್ಲಿ ಸುಮಾರು 68 ಸಾವಿರ ಕೋಟಿ ಕೋಶಗಳಿರುತ್ತವೆ, ಒಂದೊಂದು ಕೋಶವೂ ಮೂರು ಬಿಟ್ ನೆನಪಿಟ್ಟುಕೊಳ್ಳುತ್ತದೆ.

ಕೋಶ ಎಂದರೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಕೋಣೆ. ಕರೆಂಟು ಹೋದರೂ ಅವು ಓಡಿಹೋಗಬಾರದು. ಅದಕ್ಕಾಗಿ ಸುತ್ತಲೂ ವಿದ್ಯುತ್ ಹರಿಯದ ವಸ್ತುವಿನ ಗೋಡೆ ಕಟ್ಟಿರುತ್ತಾರೆ. ಬಾಗಿಲಿಲ್ಲ, ಕಿಟಕಿಯಿಲ್ಲ. ಹಾಗಾದರೆ ಎಲೆಕ್ಟ್ರಾನು ಒಳಗೆ ಹೋಗುವುದು ಹೇಗೆ? ಗೋಡೆಯ ಮೂಲಕವೇ, ಗೋಡೆಯನ್ನು ಒಡೆಯದೆ. ಭೌತವಿಜ್ಞಾನದಲ್ಲಿ ಇದಕ್ಕೆ ಕ್ವಾಂಟಮ್ ಟನೆಲಿಂಗ್ ಎನ್ನುತ್ತಾರೆ. ಗೋಡೆ ಸಾಕಷ್ಟು ತೆಳ್ಳಗಿದ್ದು ಆಚೆಯಿಂದ ಸೆಳೆತ ಸಾಕಷ್ಟು ಬಲವಾಗಿದ್ದರೆ, ಈ ಬದಿಯಲ್ಲಿದ್ದ ಎಲೆಕ್ಟ್ರಾನು ಆ ಬದಿಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಹುಟ್ಟುತ್ತದೆ. ಬಲವಾದ ವಿದ್ಯುತ್ ಕ್ಷೇತ್ರ ಲೋಹದಿಂದ ಎಲೆಕ್ಟ್ರಾನುಗಳನ್ನು ಹೀಗೆ ಎಳೆದುಕೊಳ್ಳುವುದರ ಲೆಕ್ಕವನ್ನು 1928ರಲ್ಲಿ ಕೊಟ್ಟವರು ರಾಲ್ಫ್ ಫೌಲರ್ ಮತ್ತು ಲೋಥಾರ್ ನಾರ್ಡ್‌ಹೈಮ್. ನಮ್ಮ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಕೇಂಬ್ರಿಜ್‌ನಲ್ಲಿ ಮಾರ್ಗದರ್ಶಕರಾಗಿದ್ದವರು ಇದೇ ಫೌಲರ್.

ಎಸ್‌ಎಸ್‌ಡಿಯಲ್ಲಿ ಆ ಗೋಡೆಯ ದಪ್ಪ ಏಳೆಂಟು ನ್ಯಾನೊಮೀಟರ್, ಅಂದರೆ ಕೆಲವು ಹತ್ತು ಪರಮಾಣುಗಳ ದಪ್ಪ ಮಾತ್ರ. ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಈ ಡ್ರೈವಿಗೆ ಕೊಡುವುದು 5 ವೋಲ್ಟ್. ಚಿಪ್ಪು ತನ್ನೊಳಗೇ ಅದನ್ನು ಏರಿಸಿ ಸುಮಾರು 20 ವೋಲ್ಟ್ ಮಾಡಿಕೊಳ್ಳುತ್ತದೆ. ಇಪ್ಪತ್ತು ವೋಲ್ಟ್ ಯಾವ ಲೆಕ್ಕ ಎನ್ನಿಸಬಹುದು. ಆದರೆ ಅಷ್ಟು ತೆಳುವಾದ ಗೋಡೆಯ ಅಡ್ಡಕ್ಕೆ ಅದರ ಒಂದು ಪಾಲು ಬಿದ್ದಾಗಲೂ ಉಂಟಾಗುವ ಕ್ಷೇತ್ರ ಸೆಂಟಿಮೀಟರಿಗೆ ಒಂದು ಕೋಟಿ ವೋಲ್ಟಿನ ಆಸುಪಾಸಿನದು. ಪಹಣಿಯ ಪಿಡಿಎಫ್ ಅನ್ನು ಸೇವ್ ಮಾಡಿದಾಗಲೆಲ್ಲ ಡಬ್ಬದೊಳಗೆ ಇದು ನಡೆಯುತ್ತದೆ.

ಆ ಗೋಡೆ ಯಾವುದರದು? ಮುಖ್ಯವಾಗಿ ಸಿಲಿಕಾನ್ ಡೈಆಕ್ಸೈಡ್. ರಾಮನಗರದವರಿಗೆ ಇದು ಹೊಸ ಪದಾರ್ಥವೇನಲ್ಲ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ ಎರಡೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತು ಅದು ಭೂವಿಜ್ಞಾನದ ಪುಸ್ತಕಗಳಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ದಾಖಲಾಗಿದೆ. ಬಂಡೆಯ ಚೂರೊಂದನ್ನು ಬಿಸಿಲಿಗೆ ಹಿಡಿದರೆ ನಸುಗುಲಾಬಿ ಫೆಲ್ಡ್‌ಸ್ಪಾರಿನ ನಡುವೆ ಗಾಜಿನಂಥ ಬೂದು ಹರಳುಗಳು ಮಿನುಗುತ್ತವೆ. ಅವು ಬೆಣಚು, ಅಂದರೆ ಅದೇ ಸಿಲಿಕಾನ್ ಡೈಆಕ್ಸೈಡ್. ಬೆಣಚಿನಲ್ಲಿ ಪರಮಾಣುಗಳು ಸಾಲು ಕಟ್ಟಿ ನಿಂತಿರುತ್ತವೆ, ಚಿಪ್ಪಿನ ಗೋಡೆಯಲ್ಲಿ ಸಾಲಿಲ್ಲದೆ ಗಾಜಿನಂತೆ ಸೇರಿಕೊಂಡಿರುತ್ತವೆ. ರಾಸಾಯನಿಕವಾಗಿ ಮಾತ್ರ ಎರಡೂ ಒಂದೇ.

ಒಂದು ಕೋಶದಲ್ಲಿ ಮೂರು ಬಿಟ್ ಇಡಬೇಕಾದರೆ ಎಂಟು ಬೇರೆ ಬೇರೆ ಮಟ್ಟಗಳನ್ನು ಗುರುತಿಸಬೇಕು. ಅತಿ ಚಿಕ್ಕ ಕೋಶಗಳಲ್ಲಿ ಒಂದು ಮಟ್ಟಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ಕೆಲವು ಹತ್ತು ಎಲೆಕ್ಟ್ರಾನುಗಳದ್ದು ಮಾತ್ರ. ಅಷ್ಟನ್ನು ಎಣಿಸಿದಂತೆ ಅಳೆದು ಆ ಅಕ್ಷರ ‘ಕ’ವೋ ‘ಖ’ವೋ ಎಂದು ತಪ್ಪದೆ ಹೇಳುವ ವಸ್ತು ಕೆಲವು ಸಾವಿರ ರೂಪಾಯಿಗೆ ಚನ್ನಪಟ್ಟಣದ ಅಂಗಡಿಯಲ್ಲಿ ಸಿಗುತ್ತದೆ. ಮನುಷ್ಯ ಮಾಡಿದ ವಸ್ತುಗಳಲ್ಲಿ ಇಷ್ಟು ಬೆರಗಿನದು ಇಷ್ಟು ಅಗ್ಗಕ್ಕೆ ಸಿಗುವುದು ಅಪರೂಪ. ಇನ್ನೊಂದು ಸ್ವಾರಸ್ಯವಿದೆ. ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿರುವುದೂ ಇಂಥವೇ ಕೋಶಗಳು. ಪುಸ್ತಕ ತುಂಬಿದ ಕಿಂಡಲ್ ಖಾಲಿ ಕಿಂಡಲ್‌ಗಿಂತ ಭಾರವೇ ಎಂದು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೇಳಿದಾಗ, ಬರ್ಕ್ಲಿಯ ಪ್ರಾಧ್ಯಾಪಕ ಜಾನ್ ಕುಬಿಯಾಟೊವಿಚ್ ಲೆಕ್ಕ ಹಾಕಿ ಹೌದು ಎಂದರು. ಎಲೆಕ್ಟ್ರಾನುಗಳ ಸಂಖ್ಯೆ ಬದಲಾಗದಿದ್ದರೂ ಸೆರೆಯಾದವುಗಳ ಶಕ್ತಿ ಹೆಚ್ಚು, ಶಕ್ತಿಗೆ ತೂಕವುಂಟು. ಹೆಚ್ಚಿದ ತೂಕ ಒಂದು ಗ್ರಾಮನ್ನು ಹತ್ತು ಸಾವಿರ ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಇಂಥ ಕೋಶಗಳ ಫ್ಲ್ಯಾಷ್ ಮೆಮೊರಿಯನ್ನು ಕಂಡುಹಿಡಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ. ಅದನ್ನು 1984ರಲ್ಲಿ, ಇಂದು ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆಯನ್ನು 1987ರಲ್ಲಿ ಅವರು ಲೋಕದ ಮುಂದಿಟ್ಟರು. ತಕ್ಕ ಪ್ರತಿಫಲಕ್ಕಾಗಿ ಅವರು ಆಮೇಲೆ ತಮ್ಮ ಕಂಪನಿಯ ಮೇಲೆಯೇ ಮೊಕದ್ದಮೆ ಹೂಡಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಇಬ್ಬರು ಗೆಳೆಯರ ಜೊತೆ 1988ರಲ್ಲಿ ಕಟ್ಟಿದ ಕಂಪನಿಯೇ ಇಂದಿನ ಸ್ಯಾನ್‌ಡಿಸ್ಕ್. ಅದು 1991ರಲ್ಲಿ ಐಬಿಎಂಗೆ ಮಾಡಿಕೊಟ್ಟ ಎಸ್‌ಎಸ್‌ಡಿಯ ಸಾಮರ್ಥ್ಯ 20 ಎಂಬಿ, ಬೆಲೆ ಸುಮಾರು ಸಾವಿರ ಡಾಲರ್. ಈಗ ಮೊಬೈಲಿನ ನಾಲ್ಕೈದು ಫೋಟೊಗಳಿಗೇ ಆ ಜಾಗ ತುಂಬಿಹೋಗುತ್ತದೆ.

ಈಗ ಸವೆತದ ಮಾತು. ಎಲೆಕ್ಟ್ರಾನುಗಳು ಗೋಡೆಯನ್ನು ಹಾಯ್ದು ಹೋಗುವಾಗ ಗೋಡೆಗೆ ಸ್ವಲ್ಪ ಸ್ವಲ್ಪವೇ ಪೆಟ್ಟಾಗುತ್ತದೆ. ಕೆಲವು ಎಲೆಕ್ಟ್ರಾನುಗಳು ಗೋಡೆಯಲ್ಲೇ ಸಿಕ್ಕಿಬೀಳುತ್ತವೆ. ಸಾವಿರದಿಂದ ಮೂರು ಸಾವಿರ ಸಲ ಅಳಿಸಿ ಬರೆದ ಮೇಲೆ ಕೋಶದ ಮಟ್ಟಗಳು ಕಲಸಿಹೋಗತೊಡಗುತ್ತವೆ. ಓದುವುದರಿಂದ ಇಂಥ ಪೆಟ್ಟು ಇಲ್ಲವೆನ್ನುವಷ್ಟು ಕಡಿಮೆ. ಸವೆಯುವುದು ಬರೆದು ಅಳಿಸುವುದರಿಂದ.

ಬರೆಯುವ ಕ್ರಮವೂ ವಿಚಿತ್ರ. ಕೋಶಗಳ ಸಣ್ಣ ಸಣ್ಣ ಗುಂಪುಗಳಿಗೆ ಬರೆಯಬಹುದು, ಆದರೆ ಅಷ್ಟಷ್ಟನ್ನೇ ಅಳಿಸಲಾಗದು. ಸ್ಲೇಟಿನ ಮೇಲೆ ಒಂದೇ ಅಕ್ಷರ ತಿದ್ದಬೇಕಾದರೂ ಇಡೀ ಸ್ಲೇಟು ಒರೆಸಲೇಬೇಕು ಎಂಬ ಕಟ್ಟಳೆ ಇದ್ದ ಹಾಗೆ, ಇಲ್ಲಿ ಹಲವು ಎಂಬಿಗಳ ಬ್ಲಾಕನ್ನು ಒಟ್ಟಿಗೇ ಅಳಿಸಬೇಕು. ಅದಕ್ಕೇ ಎಸ್‌ಎಸ್‌ಡಿಯಲ್ಲಿ ತಿದ್ದುಪಡಿ ಹಳೆಯ ಜಾಗದಲ್ಲಿ ಆಗುವುದೇ ಇಲ್ಲ. ಒಳಗಿನ ಪುಟ್ಟ ಪ್ರೊಸೆಸರು ಹೊಸ ಪ್ರತಿಯನ್ನು ಬೇರೆಲ್ಲೋ ಬರೆದು, ಹಳೆಯದರ ಮೇಲೆ ಕಾಟು ಹಾಕಿ, ವಿಳಾಸದ ಪಟ್ಟಿಯನ್ನು ತಿದ್ದಿಕೊಳ್ಳುತ್ತದೆ. ಯಾವ ಬ್ಲಾಕು ಹೆಚ್ಚು ಸವೆದಿದೆ, ಯಾವುದು ಕಡಿಮೆ ಎಂಬ ಲೆಕ್ಕ ಇಟ್ಟು ಕೆಲಸವನ್ನು ಎಲ್ಲಕ್ಕೂ ಸಮನಾಗಿ ಹಂಚುತ್ತದೆ. ಹೀಗಾಗಿ ಒಂದೇ ಫೈಲನ್ನು ದಿನಕ್ಕೆ ನೂರು ಸಲ ಸೇವ್ ಮಾಡಿದರೂ ಒಂದೇ ಜಾಗ ತೂತಾಗುವುದಿಲ್ಲ.

ಲೆಕ್ಕ ನೋಡಿದರೆ ಓದುಗರ ಭಯ ಕರಗುತ್ತದೆ. ಸ್ಯಾಮ್‌ಸಂಗ್ 870 ಇವಿಒ ಮಾದರಿಯ 250 ಜಿಬಿ ಡ್ರೈವಿಗೆ ಕಂಪನಿ ಕೊಡುವ ಭರವಸೆ 150 ಟೆರಾಬೈಟ್ ಬರಹದ್ದು. ದಿನಕ್ಕೆ 20 ಜಿಬಿ ಬರೆದರೂ 7,500 ದಿನ, ಅಂದರೆ ಇಪ್ಪತ್ತು ವರ್ಷ ದಾಟುತ್ತದೆ. ಡಿಟಿಪಿ ಅಂಗಡಿಯಲ್ಲಿ ದಿನಕ್ಕೆ 20 ಜಿಬಿ ಬರೆಯುವುದು ಸುಲಭದ ಮಾತಲ್ಲ. ಟೆಕ್ ರಿಪೋರ್ಟ್ ಎಂಬ ಅಮೆರಿಕದ ಜಾಲತಾಣ 2013ರಿಂದ 2015ರವರೆಗೆ ಆರು ಎಸ್‌ಎಸ್‌ಡಿಗಳಿಗೆ ಹಗಲೂ ರಾತ್ರಿ ಬರೆಯುತ್ತಲೇ ಇತ್ತು. ಆರೂ 700 ಟೆರಾಬೈಟ್ ದಾಟಿದವು. ಕೊನೆಗೆ ಉಳಿದದ್ದು ಉಸಿರು ಬಿಟ್ಟದ್ದು 2,400 ಟೆರಾಬೈಟ್ ಬರೆಸಿಕೊಂಡ ಮೇಲೆ. ಎರಡೇ ವರ್ಷದಲ್ಲಿ ಕೈಕೊಡುವ ಡ್ರೈವುಗಳು ಇಲ್ಲವೆಂದಲ್ಲ. ಅವುಗಳಲ್ಲಿ ಬಹುಪಾಲು ಸವೆದು ಸಾಯುವುದಿಲ್ಲ, ಕಳಪೆ ಚಿಪ್ಪಿನಿಂದ ಸಾಯುತ್ತವೆ. ನಂಬಲಾಗದಷ್ಟು ಕಡಿಮೆ ಬೆಲೆಗೆ ‘2 ಟಿಬಿ’ ಎಂದು ಬರೆದುಕೊಂಡು ಬರುವ, ಹೆಸರೇ ಕೇಳದ ಡ್ರೈವುಗಳನ್ನು ದೂರವಿಡುವುದೇ ಕ್ಷೇಮ.

ಹಾರ್ಡ್‌ಡಿಸ್ಕಿನ ಕಾಲದ ಡಿಫ್ರ್ಯಾಗ್ ಅಭ್ಯಾಸವನ್ನೂ ಇಲ್ಲಿಗೆ ಬಿಡಬೇಕು. ಚೆದುರಿದ ಫೈಲುಗಳನ್ನು ಒಟ್ಟುಗೂಡಿಸುವುದು ತೋಳು ಸರಿಯುವ ಯಂತ್ರಕ್ಕೆ ಉಪಕಾರ. ತೋಳೇ ಇಲ್ಲದ ಯಂತ್ರಕ್ಕೆ ಅದು ವ್ಯರ್ಥ ಬರಹ, ವ್ಯರ್ಥ ಸವೆತ. ಎಸ್‌ಎಸ್‌ಡಿಗೆ ಬೇಕಾದದ್ದು ಟ್ರಿಮ್: ‘ಈ ಫೈಲು ಅಳಿಸಿಯಾಯಿತು, ಆ ಜಾಗ ಇನ್ನು ನಿನ್ನದು’ ಎಂದು ವಿಂಡೋಸ್ ಡ್ರೈವಿಗೆ ತಿಳಿಸುವ ಆಜ್ಞೆ. 2009ರ ವಿಂಡೋಸ್ 7ರಿಂದಲೂ ಅದು ತಾನೇ ನಡೆಯುತ್ತದೆ. ಡ್ರೈವನ್ನು ಕಂಠಮಟ್ಟ ತುಂಬಿಸದೆ ಒಂದಿಷ್ಟು ಜಾಗ ಬಿಟ್ಟರೆ ಸಾಕು.

ಹಾಕಿಸುವ ಕೆಲಸ ಅರ್ಧ ಗಂಟೆಯದು. ಆದರೆ ಹಳೆಯ ಮದರ್‌ಬೋರ್ಡಿನ ಒಂದು ಸಂಗತಿ ಗೊತ್ತಿರಬೇಕು. ಆ ಕಾಲದ ಅಸೆಂಬಲ್ಡ್ ಕಂಪ್ಯೂಟರುಗಳಲ್ಲಿ ಬಹಳಷ್ಟು ಇಂಟೆಲ್‌ನ ಎಚ್61 ಚಿಪ್‌ಸೆಟ್ಟಿನವು. ಡಿಸ್ಕು ಜೋಡಿಸುವ ಅದರ ಸಾಟಾ ಕಿಂಡಿಗಳು ಸೆಕೆಂಡಿಗೆ 3 ಗಿಗಾಬಿಟ್‌ಗೆ ನಿಲ್ಲುತ್ತವೆ. ಎಸ್‌ಎಸ್‌ಡಿಯ ಡಬ್ಬದ ಮೇಲೆ ಸೆಕೆಂಡಿಗೆ 550 ಎಂಬಿ ವೇಗ ಎಂದಿದ್ದರೂ ಸಿಗುವುದು 270ರ ಸುಮಾರು. ಇದನ್ನು ತೋರಿಸಿ ‘ಹಳೇ ಬೋರ್ಡಿಗೆ ಎಸ್‌ಎಸ್‌ಡಿ ದಂಡ’ ಎನ್ನುವವರ ಮಾತು ಕೇಳಬೇಕಿಲ್ಲ. ದೊಡ್ಡ ಸಿನಿಮಾ ಫೈಲು ನಕಲು ಮಾಡುವಾಗ ಮಾತ್ರ ಆ ಕೊರತೆ ಕಾಣುತ್ತದೆ. ದಿನನಿತ್ಯದ ಚುರುಕು ಬರುವುದು ಚಿಲ್ಲರೆ ಓದುಗಳಿಂದ, ಅದಕ್ಕೆ ಈ ಕಿಂಡಿ ಧಾರಾಳ ಸಾಕು. ದಂಡವಾಗುವುದು ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ. ಅದನ್ನು ಸಿಕ್ಕಿಸುವ ಎಂ.2 ಕಿಂಡಿ ಆ ಬೋರ್ಡಿನಲ್ಲಿಲ್ಲ. ಅಡಾಪ್ಟರ್ ಕಾರ್ಡು ಹಾಕಿದರೂ ಆ ಕಾಲದ ಬಯೋಸ್ ಸಾಮಾನ್ಯವಾಗಿ ಅದರಿಂದ ವಿಂಡೋಸ್ ಎಬ್ಬಿಸಲಾರದು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೇಳಿ ತರಬೇಕು. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶದಿಂದ ಹಳೆಯ ಡಿಸ್ಕಿನ ನಕಲು ತೆಗೆದರೆ ನುಡಿ, ಪೇಜ್‌ಮೇಕರ್, ಮಾದರಿಗಳು ಎಲ್ಲವೂ ಇದ್ದ ಹಾಗೇ ಬರುತ್ತವೆ. ಬೆಸ್ಕಾಂ ಕರೆಂಟು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಯುಪಿಎಸ್ ಈಗಲೂ ಬೇಕು, ಏಕೆಂದರೆ ವಿಳಾಸದ ಪಟ್ಟಿ ತಿದ್ದುತ್ತಿರುವ ಹೊತ್ತಿನಲ್ಲೇ ಕರೆಂಟು ಹೋದರೆ ಎಸ್‌ಎಸ್‌ಡಿಗೂ ಪೆಟ್ಟು ಬೀಳಬಹುದು. ಜೊತೆಗೆ ರ್ಯಾಮನ್ನು 8 ಜಿಬಿಗೆ ಏರಿಸಿದರೆ ಇನ್ನೂ ಒಳ್ಳೆಯದು. ಹಳೆಯ ಡಿಡಿಆರ್3 ರ್ಯಾಮು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ, ವಿಂಡೋಸ್ 11 ಈ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಆ ಸಮಸ್ಯೆಗೆ ಎಸ್‌ಎಸ್‌ಡಿ ಮದ್ದಲ್ಲ. ಬ್ಯಾಂಕಿನ ಕೆಲಸ, ಸರ್ಕಾರಿ ಅರ್ಜಿಗಳನ್ನು ಅದೇ ಯಂತ್ರದಲ್ಲಿ ಮಾಡುವವರು ಲಿನಕ್ಸ್ ಕಡೆಗೂ ಕಣ್ಣು ಹಾಯಿಸಬೇಕು.

ಫೋಟೊ ಸ್ಟುಡಿಯೊದವರಿಗೆ ಒಂದು ಎಚ್ಚರಿಕೆ. ಗೋಡೆ ಎಷ್ಟೇ ಗಟ್ಟಿಯಾದರೂ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರುತ್ತವೆ, ಬಿಸಿಲು ಸೆಕೆಯಲ್ಲಿ ಇನ್ನೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗೆ ಉದ್ಯಮದ ಮಾನದಂಡ ಕೇಳುವುದು ಇಷ್ಟೇ: ಬರಹದ ಆಯಸ್ಸು ಮುಗಿದ ಡ್ರೈವನ್ನು 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಇಟ್ಟರೆ ಒಂದು ವರ್ಷ ನೆನಪಿರಬೇಕು. ಹೊಸ ಡ್ರೈವು ಹೆಚ್ಚು ಕಾಲ ತಡೆಯುತ್ತದೆ, ನಿಜ. ಆದರೂ ಹತ್ತು ವರ್ಷದ ಮದುವೆಯ ಆಲ್ಬಮ್ಮುಗಳನ್ನು ಎಸ್‌ಎಸ್‌ಡಿಯಲ್ಲಿ ತುಂಬಿ ಬೀರುವಿನಲ್ಲಿಡುವುದು ತಪ್ಪು. ಆ ಕೆಲಸಕ್ಕೆ ಹಾರ್ಡ್‌ಡಿಸ್ಕೇ ಸರಿ, ಅದೂ ಎರಡು ಪ್ರತಿ. ಇನ್ನೊಂದು ಮಾತು: ಹಾರ್ಡ್‌ಡಿಸ್ಕಿನಲ್ಲಿ ಕೈತಪ್ಪಿ ಅಳಿಸಿದ ಫೈಲನ್ನು ಹುಡುಕಿ ತೆಗೆಯುವ ತಂತ್ರಾಂಶಗಳಿವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆಜ್ಞೆ ಹೋದ ಮೇಲೆ ಆ ಆಸೆ ಬಿಡಬೇಕು.

ಬಿಚ್ಚಿ ತೆಗೆದ ಹಳೆಯ ಹಾರ್ಡ್‌ಡಿಸ್ಕು ಚೆನ್ನಾಗಿದ್ದರೆ ಅದೇ ಡಬ್ಬದಲ್ಲಿ ಡಿ ಡ್ರೈವ್ ಆಗಿ ಉಳಿಸಿಕೊಳ್ಳಬಹುದು. ಮಾರುವುದಾದರೆ ಮಾತ್ರ ಜೋಪಾನ. ಅರ್ಜಿ ಹಾಕಿಸಲು ಬಂದ ನೂರಾರು ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ, ಜಮೀನಿನ ಪತ್ರ ಅದರಲ್ಲಿರುತ್ತವೆ. ಡಿಲೀಟ್ ಒತ್ತಿ, ಕ್ವಿಕ್ ಫಾರ್ಮ್ಯಾಟ್ ಮಾಡಿ ಗುಜರಿಗೆ ಹಾಕಿದರೆ ಅವೆಲ್ಲ ಇನ್ನೂ ಅಲ್ಲೇ ಇರುತ್ತವೆ; ಅಳಿಸಿದ್ದು ವಿಷಯಸೂಚಿ ಮಾತ್ರ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಚೌಕದ ಗುರುತನ್ನು ತೆಗೆದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ, ರಾತ್ರಿ ಅಂಗಡಿ ಮುಚ್ಚುವ ಮುಂಚೆ ಹಚ್ಚಿಟ್ಟರಾಯಿತು.